ಬಸ್ರೂರಿನ ಮೆರವಣಿಗೆಯಲ್ಲಿ ಯಾರ ವೇಷ?

ಯುದ್ಧ ಮುಗಿದು, ಅದನ್ನು ಕಂಡವರೂ ಕಂಡವರ ಬಾಯಿಂದ ಕೇಳಿದವರೂ ಇಲ್ಲವಾದ ಮೇಲೆ ಅದಕ್ಕೆ ಇನ್ನೊಂದು ಜನ್ಮ ಬರುತ್ತದೆ. ಆ ಜನ್ಮದಲ್ಲಿ ಅದು ವೇಷ ತೊಟ್ಟು ಬೀದಿಗಿಳಿಯುತ್ತದೆ. ಅಕ್ಟೋಬರ್ 23 ಬಂತೆಂದರೆ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕುದುರೆಯೇರಿದ ರಾಣಿ, ಕತ್ತಿ ಹಿಡಿದ ಸಂಗೊಳ್ಳಿ ರಾಯಣ್ಣ, ಹಿಂದೆ ಡೊಳ್ಳು, ಕರಡಿಮಜಲು, ನೋಡಲು ನಿಂತ ಜನಸಾಗರ. ಉಳ್ಳಾಲದಲ್ಲಿ ವೀರರಾಣಿ ಅಬ್ಬಕ್ಕ ಉತ್ಸವದ ದಿನ ಕಿರೀಟ ಧರಿಸಿದ ಅಬ್ಬಕ್ಕ. ಕಾರ್ಗಿಲ್ ವಿಜಯ ದಿನವಾದ ಜುಲೈ 26ರಂದು, ಬಾಂಗ್ಲಾ ಯುದ್ಧ ಗೆದ್ದ ಡಿಸೆಂಬರ್ 16ರಂದು ನಾಡಿನ ಎಷ್ಟೋ ಶಾಲೆಗಳ ಅಂಗಳದಲ್ಲಿ ಸೈನಿಕರ ಸಮವಸ್ತ್ರ ತೊಟ್ಟ ಪುಟಾಣಿಗಳು.

ಇಂಥ ಮೆರವಣಿಗೆಗಳನ್ನು ನೋಡಿದಾಗ ಕುಂದಾಪುರದ ಕಡೆಯವರಿಗೆ ಸಹಜವಾಗಿಯೇ ಒಂದು ಪ್ರಶ್ನೆ ಮೂಡಬಹುದು. ಯುದ್ಧಗಳಿಗೆ ಈ ಸೀಮೆಯಲ್ಲೇನು ಬರವೇ? ಪಂಚಗಂಗಾವಳಿಯ ಅಳಿವೆಯಲ್ಲಿ ಪೋರ್ಚುಗೀಸರ ಹಡಗು ಬಂದಿವೆ, ಕೆಳದಿಯ ದಂಡು ಇಳಿದಿದೆ, ಮರಾಠರ ನೌಕಾಪಡೆ ಬಂದಿದೆ, ಹೈದರಾಲಿಯ ಆಳ್ವಿಕೆ ಕಂಡಿದೆ, 1783ರಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಸೇನೆ ಕುಂದಾಪುರ ಹಿಡಿದು ಹೊಸಂಗಡಿ ಘಾಟಿ ಹತ್ತಿ ಬಿದನೂರಿಗೆ ನಡೆದಿದೆ. ಆದರೂ ಕಿತ್ತೂರಿಗಿರುವಂತೆ ಎಲ್ಲರೂ ಒಪ್ಪಿ ಎದೆತಟ್ಟಿ ಹೇಳಿಕೊಳ್ಳುವ ಒಂದು ತಾರೀಕು ಈ ನೆಲಕ್ಕೆ ಒದಗಿಲ್ಲ. ಏಕೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಬಸ್ರೂರಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಈಚಿನ ವರ್ಷಗಳಲ್ಲಿ ಬಸ್ರೂರಿಗೂ ಒಂದು ತಾರೀಕು ಕೊಡುವ ಉತ್ಸಾಹ ಕಂಡುಬರುತ್ತಿದೆ. 1665ರ ಫೆಬ್ರವರಿಯಲ್ಲಿ ಛತ್ರಪತಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಬಸ್ರೂರನ್ನು ಪೋರ್ಚುಗೀಸರಿಂದ ಬಿಡಿಸಿದ ಎಂಬ ಮಾತು ಭಾಷಣಗಳಲ್ಲಿ, ಬರಹಗಳಲ್ಲಿ, ಮೊಬೈಲ್ ಸಂದೇಶಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಮಾತು ಕೇಳಲು ಹಿತವಾಗಿದೆ. ಅದು ನಿಜವೇ ಎಂಬುದು ಬೇರೆ ವಿಚಾರ.

ಅಕ್ಕಿಯ ಬಂದರು

ಇಂದು ಕುಂದಾಪುರದಿಂದ ಬಸ್ಸು ಹತ್ತಿ ಕೆಲವೇ ನಿಮಿಷಗಳಲ್ಲಿ ತಲುಪಬಹುದಾದ ಬಸ್ರೂರು, ವಾರಾಹಿ ನದಿಯ ದಂಡೆಯ ಒಂದು ಶಾಂತವಾದ ಊರು. ಮಹಾಲಿಂಗೇಶ್ವರ ದೇವಸ್ಥಾನ, ಮರದ ಬೇರುಗಳ ನಡುವೆ ಸಿಕ್ಕಿಕೊಂಡಂತಿರುವ ತುಳುವೇಶ್ವರ, ಅಲ್ಲಲ್ಲಿ ಶಾಸನದ ಕಲ್ಲುಗಳು. ಹಳೆಯ ವೈಭವವನ್ನು ಊಹಿಸಿಕೊಳ್ಳಲು ನೋಡುಗ ಸ್ವಲ್ಪ ಶ್ರಮ ಪಡಬೇಕು.

ವಿಜಯನಗರದ ಕಾಲದಲ್ಲಿ ಕರಾವಳಿಯ ಈ ಭಾಗ ಬಾರಕೂರು ರಾಜ್ಯವೆಂಬ ಪ್ರಾಂತಕ್ಕೆ ಸೇರಿತ್ತು. ಬ್ರಹ್ಮಾವರ ತಾಲೂಕಿನ ಇಂದಿನ ಬಾರ್ಕೂರು ಅದರ ರಾಜಧಾನಿಯಾದರೆ, ಬಸ್ರೂರು ಅದರ ಹಣದ ಚೀಲ. 16ನೆಯ ಶತಮಾನದ ಆರಂಭದಲ್ಲಿ ಬರೆದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೊಸಾ ಈ ಎರಡೂ ಊರುಗಳನ್ನು ಹೆಸರಿಸಿ, ಇಲ್ಲಿಂದ ಹೊರಡುತ್ತಿದ್ದ ಅಕ್ಕಿಯ ಬಗ್ಗೆ ವಿಶೇಷವಾಗಿ ಹೇಳುತ್ತಾನೆ. ಮಲಬಾರಿನ ಹೊಟ್ಟೆ ತುಂಬಿಸುತ್ತಿದ್ದುದು ಇಲ್ಲಿಯ ಅಕ್ಕಿ. ಪರ್ಶಿಯಾ ಕೊಲ್ಲಿಯ ಹೋರ್ಮುಜ್‌ವರೆಗೂ ಅದು ಹೋಗುತ್ತಿತ್ತು. ಮುಂದೆ ಪೋರ್ಚುಗೀಸರ ಗೋವೆ ಬದುಕಿದ್ದೂ ಬಹುಮಟ್ಟಿಗೆ ಕೆನರಾ ಕರಾವಳಿಯ ಅಕ್ಕಿಯ ಮೇಲೆಯೇ.

ಊರನ್ನು ನಡೆಸುತ್ತಿದ್ದವರು ವ್ಯಾಪಾರಿಗಳು. ಇಲ್ಲಿಯ ಶಾಸನಗಳಲ್ಲಿ 'ಹಲರು' ಎಂಬ ಮಾತು ಪದೇ ಪದೇ ಬರುತ್ತದೆ. ಕೇರಿಯ ಹಲವರು ಸೇರಿ ತೀರ್ಮಾನ ಮಾಡುವ ಸಭೆ ಅದು. ಪಡುವಕೇರಿಯ ಹಲರು, ಮೂಡಕೇರಿಯ ಸೆಟ್ಟಿಕಾರರು ದೇವಸ್ಥಾನಕ್ಕೆ ದತ್ತಿ ಬಿಡುತ್ತಾರೆ, ಸಾಕ್ಷಿಯಾಗಿ ನಿಲ್ಲುತ್ತಾರೆ, ಅರಸನ ಅಧಿಕಾರಿಯೊಂದಿಗೆ ಸರಿಸಮಾನವಾಗಿ ಕೂರುತ್ತಾರೆ. ಕತ್ತಿ ಹಿಡಿದ ರಾಜನೊಬ್ಬನ ಹೆಸರಿಗಿಂತ ತಕ್ಕಡಿ ಹಿಡಿದ ಹಲವರ ಹೆಸರು ಈ ಕಲ್ಲುಗಳಲ್ಲಿ ಹೆಚ್ಚು. ಪೋರ್ಚುಗೀಸರು ಸಮುದ್ರದ ಮೇಲೆ ಹಿಡಿತ ಸಾಧಿಸಿದಾಗ ಬಸ್ರೂರಿನ ಸೆಟ್ಟರು ಅಕ್ಕಿಯ ಲೆಕ್ಕದಲ್ಲಿ ಕಪ್ಪ ಕೊಟ್ಟು ಹಡಗುಗಳನ್ನು ಉಳಿಸಿಕೊಂಡರು. ಬಗ್ಗಿದರು ಎನ್ನುವವರು ಎನ್ನಲಿ, ಕಡಲಿನ ಮೇಲೆ ಸರಕು ಹಾಕಿದವನಿಗೆ ಅದರ ಕಷ್ಟ ಗೊತ್ತು.

ಆದರೆ ಕಪ್ಪದಿಂದ ತೃಪ್ತಿಯಾಗದ ಪೋರ್ಚುಗೀಸರು 1569ರಲ್ಲಿ ವೈಸರಾಯ್ ಲೂಯಿಸ್ ದ ಅತಾಯ್ದೆಯ ಕಾಲದಲ್ಲಿ ಹೊನ್ನಾವರವನ್ನು ಹಿಡಿದು, ಅದರ ಬೆನ್ನಿಗೇ ಬಸ್ರೂರಿಗೆ ಬಂದು ಕಡಲ ಕಡೆಯಲ್ಲಿ ಕೋಟೆ ಕಟ್ಟಿದರು. 1630ರ ಸುಮಾರಿಗೆ ಗಂಗೊಳ್ಳಿಯಲ್ಲೂ ಒಂದು ಕೋಟೆ ಎದ್ದಿತು. ಅಲ್ಲಿಂದ ಎರಡು ಬಸ್ರೂರು ಎಂಬ ಲೆಕ್ಕ. 1623ರಲ್ಲಿ ಇಕ್ಕೇರಿಯಿಂದ ಘಟ್ಟ ಇಳಿದು ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಬರೆದಿದ್ದಾನೆ. ಒಳನಾಡಿನ ಮೇಲಿನ ಬಸ್ರೂರು ಕೆಳದಿಯ ವೆಂಕಟಪ್ಪ ನಾಯಕನದು, ಕಡಲ ಬದಿಯ ಕೆಳಗಿನ ಬಸ್ರೂರು ಪೋರ್ಚುಗೀಸರದು. ಪೇಟೆ ಒಬ್ಬರ ಕೈಯಲ್ಲಿ, ಪೇಟೆಯ ಬಾಗಿಲು ಇನ್ನೊಬ್ಬರ ಕೈಯಲ್ಲಿ.

ಈ ಬಾಗಿಲನ್ನು ಬಿಡಿಸಿದವನು ಯಾರು ಎಂಬುದರಲ್ಲಿ ಇತಿಹಾಸಕಾರರಿಗೆ ಗೊಂದಲವಿಲ್ಲ. ಕೆಳದಿಯ ಶಿವಪ್ಪ ನಾಯಕ 1652ರಿಂದ 1654ರ ನಡುವೆ ಬಸ್ರೂರು, ಗಂಗೊಳ್ಳಿ, ಹೊನ್ನಾವರ, ಮಂಗಳೂರು ಹೀಗೆ ಒಂದೊಂದಾಗಿ ಪೋರ್ಚುಗೀಸರ ಕೋಟೆಗಳನ್ನು ಕಿತ್ತುಕೊಂಡ. ಆ ನಂತರ ಈ ಕರಾವಳಿಯಲ್ಲಿ ಪೋರ್ಚುಗೀಸರಿಗೆ ದಕ್ಕಿದ್ದೆಲ್ಲ ಕೆಳದಿಯವರೊಂದಿಗೆ ಒಪ್ಪಂದ ಮಾಡಿಕೊಂಡು ಪಡೆದ ವ್ಯಾಪಾರದ ಕೋಠಿಗಳ ಅನುಕೂಲವಷ್ಟೆ. ಜಮೀನಿನ ತರಗತಿ ನೋಡಿ ಕಂದಾಯ ನಿಗದಿ ಮಾಡಿದ 'ಶಿವಪ್ಪ ನಾಯಕನ ಶಿಸ್ತು' ಶಾಲೆಯ ಪುಸ್ತಕದಲ್ಲಿ ಎಲ್ಲರಿಗೂ ಗೊತ್ತು. ಅವನ ಕರಾವಳಿಯ ಈ ದಂಡಯಾತ್ರೆ ಮಾತ್ರ ಅಷ್ಟಾಗಿ ಯಾರ ನೆನಪಿನಲ್ಲೂ ಉಳಿದಿಲ್ಲ.

1665ರ ಫೆಬ್ರವರಿ

ಹೀಗಿರುವಾಗ, ಹನ್ನೊಂದು ಹನ್ನೆರಡು ವರ್ಷಗಳ ನಂತರ ಶಿವಾಜಿಯ ನೌಕಾಪಡೆ ಬಸ್ರೂರಿಗೆ ಬಂದದ್ದು ಯಾರ ಮೇಲೆ? 1665ರ ಫೆಬ್ರವರಿಯಲ್ಲಿ ಮಾಲ್ವಣದ ಕಡೆಯಿಂದ ಹೊರಟ ಆ ಪಡೆಯಲ್ಲಿ 85 ಯುದ್ಧನೌಕೆಗಳೂ ಮೂರು ದೊಡ್ಡ ಹಡಗುಗಳೂ ಇದ್ದವು. ಶಿವಾಜಿ ತಾನೇ ಹಡಗೇರಿ ನಡೆಸಿದ ದೊಡ್ಡ ಸಮುದ್ರಯಾನ ಇದೊಂದೇ ಎನ್ನುತ್ತಾರೆ. ಆಗ ಬಸ್ರೂರು ಕೆಳದಿ ರಾಜ್ಯದ ಬಂದರು. ಆಳುತ್ತಿದ್ದವನು ಸೋಮಶೇಖರ ನಾಯಕ. ಪಡೆ ಬಂದದ್ದು ತುಂಬಿದ ಪೇಟೆಯ ಸಂಪತ್ತಿಗಾಗಿ. ಪೇಟೆಯನ್ನು ಸೂರೆಮಾಡಿ, ಹಿಂತಿರುಗುವಾಗ ಗೋಕರ್ಣದಲ್ಲಿ ತೀರ್ಥಸ್ನಾನ ಮಾಡಿ, ಅಲ್ಲಿಂದ ಅಂಕೋಲೆಗೂ ಕಾರವಾರಕ್ಕೂ ನಡೆದ ಶಿವಾಜಿಗೆ ಕಾರವಾರದ ವ್ಯಾಪಾರಿಗಳು ಹಣ ಒಟ್ಟುಮಾಡಿ ಕೊಟ್ಟು ಊರನ್ನು ಉಳಿಸಿಕೊಂಡರು. ಅದರಲ್ಲಿ ಇಂಗ್ಲಿಷ್ ಕಂಪನಿಯ ಕೋಠಿಯವರ ಪಾಲು 112 ಪೌಂಡ್.

ಇದನ್ನು ಶಿವಾಜಿಯ ವಿರೋಧಿಗಳು ಕಟ್ಟಿದ ಕಥೆ ಎನ್ನುವಂತಿಲ್ಲ. ಶಿವಾಜಿಯ ಕುರಿತ ಮರಾಠಿ ಬಖರುಗಳಲ್ಲಿ ಅತ್ಯಂತ ಹಳೆಯದೂ ಅವನ ಬಗ್ಗೆ ಅಪಾರ ಗೌರವದಿಂದ ಬರೆದದ್ದೂ ಆದ ಸಭಾಸದ ಬಖರ್ ಕೂಡ ಬಸ್ರೂರನ್ನು ಕೆಳದಿ ನಾಯಕನ ಪಟ್ಟಣವೆಂದೇ ಕರೆದು, ಅದರ ಸೂರೆಯನ್ನು ಹಿಂದಿನ ವರ್ಷ, ಅಂದರೆ 1664ರಲ್ಲಿ ನಡೆದ ಸೂರತ್ತಿನ ಸೂರೆಯೊಂದಿಗೆ ಹೋಲಿಸುತ್ತದೆ. ಬಖರಿನ ಲೇಖಕನಿಗೆ ಇದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ. ಶತ್ರುವಿನ ಅಥವಾ ಮಿತ್ರನಲ್ಲದವನ ಬಂದರಿನಿಂದ ಹಣ ತಂದು ಸೈನ್ಯ ಸಾಕುವುದು ಆ ಕಾಲದ ರಾಜನೀತಿ. ಮೊಗಲರ ದೊಡ್ಡ ಸೈನ್ಯ ಮೈಮೇಲೆ ಬರುತ್ತಿದ್ದ ಹೊತ್ತಿನಲ್ಲಿ ಶಿವಾಜಿಗೆ ಹಣದ ತುರ್ತು ಇತ್ತು. ಅದೇ ವರ್ಷದ ಜೂನ್‌ನಲ್ಲಿ ಜೈಸಿಂಗನೊಂದಿಗೆ ಪುರಂದರದ ಒಪ್ಪಂದ ಮಾಡಿಕೊಂಡು 23 ಕೋಟೆಗಳನ್ನು ಬಿಟ್ಟುಕೊಡಬೇಕಾಗಿ ಬಂದದ್ದನ್ನು ನೆನೆದರೆ ಆ ತುರ್ತು ಎಂಥದೆಂದು ತಿಳಿಯುತ್ತದೆ. ಹದಿನೇಳನೆಯ ಶತಮಾನದವರು ಒಪ್ಪಿಕೊಂಡದ್ದನ್ನು ಒಪ್ಪಲು ಇಪ್ಪತ್ತೊಂದನೆಯ ಶತಮಾನದವರು ಹಿಂಜರಿಯುತ್ತಾರೆ ಎಂಬುದು ಸೋಜಿಗ.

ಈಗ ಮೆರವಣಿಗೆಯ ಮಾತಿಗೆ ಬರೋಣ. ಫೆಬ್ರವರಿಯ ಒಂದು ದಿನ ಬಸ್ರೂರಿನಲ್ಲಿ ಮೆರವಣಿಗೆ ಹೊರಟಿತು ಎಂದು ಊಹಿಸಿಕೊಳ್ಳಿ. ಮುಂದೆ ಕುದುರೆಯ ಮೇಲೆ ಶಿವಾಜಿಯ ವೇಷ ಇರಬಹುದು. ಎದುರಾಳಿಯ ವೇಷ ಯಾರದು? ಪೋರ್ಚುಗೀಸರ ಟೋಪಿ ಹಾಕಿಸಿದರೆ ಅದು ದಾಖಲೆಗೆ ವಿರುದ್ಧ. ಕೆಳದಿಯ ದಂಡಿನವರ ವೇಷ ಹಾಕಿಸಿದರೆ ಊರಿನವರೇ ಊರಿನವರ ಸೋಲನ್ನು ಸಂಭ್ರಮಿಸಿದಂತೆ. ಇನ್ನು ಅಂಗಡಿಯ ಬಾಗಿಲು ಹಾಕಿ ಓಡಿದ ಪಡುವಕೇರಿಯ ಸೆಟ್ಟಿ, ಉಗ್ರಾಣದಲ್ಲಿ ಅಕ್ಕಿಮುಡಿ ಬಿಟ್ಟುಹೋದ ಹಲರು, ಇವರ ವೇಷವಂತೂ ಯಾವ ಮೆರವಣಿಗೆಯಲ್ಲೂ ಇರುವುದಿಲ್ಲ. ಯಕ್ಷಗಾನದ ಭಾಷೆಯಲ್ಲಿ ಹೇಳುವುದಾದರೆ, ಈ ಪ್ರಸಂಗದಲ್ಲಿ ಬಣ್ಣದ ವೇಷ ಯಾರಿಗೆ ಕೊಡುವುದೆಂದು ಚೌಕಿಯಲ್ಲೇ ಜಗಳವಾದೀತು.

ವೇಷ ಆರಿಸುತ್ತದೆ

ವಾರ್ಷಿಕೋತ್ಸವದ ಮೆರವಣಿಗೆ ಇತಿಹಾಸದ ಪಾಠವಲ್ಲ, ಅದನ್ನು ಹಾಗೆ ಅಳೆಯಬಾರದು ಎಂದು ಯಾರಾದರೂ ಹೇಳಬಹುದು. ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಮೆರವಣಿಗೆ ನೋಡಿದ ಹುಡುಗನ ಮನಸ್ಸಿನಲ್ಲಿ ಉಳಿಯುವುದು ಪಠ್ಯಪುಸ್ತಕದ ಪುಟವಲ್ಲ, ಕುದುರೆಯ ಮೇಲಿನ ವೇಷವೇ. ಆದ್ದರಿಂದ ಯಾವ ದಿನವನ್ನು ಆರಿಸಿದರು, ಯಾವ ಬಟ್ಟೆ ತೊಡಿಸಿದರು, ಯಾವ ಹೆಸರು ಕೊಟ್ಟರು ಎಂಬುದು ಸಣ್ಣ ಸಂಗತಿಯಲ್ಲ.

ಕಿತ್ತೂರನ್ನೇ ನೋಡಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತುಬಿದ್ದ. ಅಮಟೂರು ಬಾಳಪ್ಪನ ಗುಂಡಿಗೆ ಬಲಿಯಾದ ಎಂದು ಪ್ರತೀತಿ. ಎಲಿಯಟ್, ಸ್ಟೀವನ್ಸನ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆಯಾದರು. ಆದರೆ ಆರು ವಾರ ಕಳೆಯುವಷ್ಟರಲ್ಲಿ, ಡಿಸೆಂಬರ್ ಮೊದಲ ವಾರದಲ್ಲಿ, ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿ 2ರಂದು ತೀರಿಕೊಂಡಳು. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಸೋತ ಡಿಸೆಂಬರನ್ನು ಬಿಟ್ಟು ಗೆದ್ದ ಅಕ್ಟೋಬರನ್ನು ಉತ್ಸವಕ್ಕೆ ಆರಿಸಿಕೊಂಡರು. 2024ರಲ್ಲಿ ಆ ವಿಜಯಕ್ಕೆ ಇನ್ನೂರು ವರ್ಷ ತುಂಬಿದಾಗ ಸಂಭ್ರಮ ಇಮ್ಮಡಿಯಾಗಿತ್ತು. ಇದರಲ್ಲಿ ತಪ್ಪೇನೂ ಇಲ್ಲ. ಅಲ್ಲಿ ಯಾರು ನಮ್ಮವರು, ಯಾರು ಹೊರಗಿನವರು ಎಂಬುದರಲ್ಲಿ ಸಂಶಯವಿಲ್ಲ, ದಿನವೂ ದಾಖಲಾದದ್ದು. ಬಟ್ಟೆಯ ವಿಷಯಕ್ಕೆ ಬಂದರೆ, ಇಂದು ಶಾಲೆಯ ಛದ್ಮವೇಷ ಸ್ಪರ್ಧೆಯಲ್ಲಿ ಕಾಣುವ ಚೆನ್ನಮ್ಮನ ಸೀರೆ, ಸೊಂಟದ ಪಟ್ಟಿ, ಕತ್ತಿ ಹಿಡಿಯುವ ಭಂಗಿ, ಕಪ್ಪದ ಮಾತು ಹೇಳುವ ಧಾಟಿ ಇವೆಲ್ಲದರಲ್ಲಿ 1961ರಲ್ಲಿ ಬಿ.ಆರ್. ಪಂತುಲು ತೆಗೆದ 'ಕಿತ್ತೂರು ಚೆನ್ನಮ್ಮ' ಚಿತ್ರದ ಬಿ. ಸರೋಜಾದೇವಿಯವರ ನೆರಳು ದಟ್ಟವಾಗಿದೆ.

ಉಳ್ಳಾಲದ ಅಬ್ಬಕ್ಕನ ವಿಷಯದಲ್ಲಿ ಬಟ್ಟೆಯ ಪ್ರಶ್ನೆ ಇನ್ನಷ್ಟು ಸ್ವಾರಸ್ಯಕರ. ಚೌಟ ವಂಶದ ಈ ರಾಣಿ, ಅಥವಾ ಇತಿಹಾಸಕಾರರು ಹೇಳುವಂತೆ ಅದೇ ಹೆಸರಿನ ಒಬ್ಬರಿಗಿಂತ ಹೆಚ್ಚು ರಾಣಿಯರು, ಹದಿನಾರನೆಯ ಶತಮಾನದ ನಡುವಿನಿಂದ ಪೋರ್ಚುಗೀಸರನ್ನು ಎದುರಿಸಿದರು. ಒಂದೇ ಯುದ್ಧವಲ್ಲ, ಹಲವು ದಶಕಗಳ ಹೋರಾಟ. ಹಾಗಾಗಿ ಉಳ್ಳಾಲದ ಉತ್ಸವ ಕಿತ್ತೂರಿನದರಂತೆ ಒಂದು ಕಾಳಗದ ತಾರೀಕಿಗೆ ಕಟ್ಟುಬಿದ್ದದ್ದಲ್ಲ. ಇಂದು ಅಬ್ಬಕ್ಕನ ಪ್ರತಿಮೆಗಳಿವೆ, 2023ರಲ್ಲಿ ಅಂಚೆಚೀಟಿ ಬಂದಿದೆ, ಕರಾವಳಿ ಕಾವಲು ಪಡೆಯ ಹಡಗೊಂದಕ್ಕೆ ಅವಳ ಹೆಸರಿದೆ. ಚಿತ್ರಗಳಲ್ಲಿ ಆಕೆ ಆಭರಣ ತೊಟ್ಟು ಕತ್ತಿ ಹಿಡಿದ ವೀರಾಂಗನೆ.

ಮೇಲೆ ಹೇಳಿದ ದೆಲ್ಲಾ ವಾಲೆ ಬಸ್ರೂರಿನಿಂದ ಮಂಗಳೂರಿಗೆ ಹೋಗಿ, ಅಬ್ಬಕ್ಕದೇವಿ ಚೌಟ ಎಂಬ ರಾಣಿಯನ್ನು 1623ರಲ್ಲಿ ಕಣ್ಣಾರೆ ಕಂಡ. ದರ್ಬಾರಿನಲ್ಲಲ್ಲ, ದಾರಿಯಲ್ಲಿ. ಗದ್ದೆಗೆ ನೀರು ಹಾಯಿಸಲು ತೋಡು ತೋಡಿಸುತ್ತಿದ್ದ ಕೆಲಸವನ್ನು ನೋಡಲು ಅವಳು ನಡೆದುಕೊಂಡೇ ಹೊರಟಿದ್ದಳು. ಬರಿಗಾಲು. ಸೊಂಟಕ್ಕೆ ಸುತ್ತಿದ ದಪ್ಪನೆಯ ಬಿಳಿ ಹತ್ತಿಬಟ್ಟೆ, ತಲೆ ಮತ್ತು ಹೆಗಲ ಮೇಲೆ ಇನ್ನೊಂದು ಬಿಳಿ ಬಟ್ಟೆ, ಮೇಲೆ ಒಬ್ಬ ಹಿಡಿದ ತಾಳೆಗರಿಯ ಕೊಡೆ. ಇಟಲಿಯ ಶ್ರೀಮಂತ ಮನೆತನದ ಆ ಪ್ರವಾಸಿಗೆ ಆಕೆ ರಾಣಿಗಿಂತ ಅಡುಗೆಮನೆಯ ಕೆಲಸದವಳಂತೆ ಕಂಡಳಂತೆ. ಆದರೆ ಬಾಯಿ ತೆರೆದು ಮಾತಾಡಿದಾಗ ಅವಳ ವಿವೇಕ, ಗಾಂಭೀರ್ಯ ಎಂಥದೆಂದು ತಿಳಿಯಿತು ಎಂದೂ ಅವನೇ ಒಪ್ಪಿಕೊಳ್ಳುತ್ತಾನೆ. ಅವನ ತಾತ್ಸಾರವನ್ನು ಅವನಿಗೇ ಬಿಡೋಣ. ಪೋರ್ಚುಗೀಸರೆದುರು ತಲೆಬಾಗದ ರಾಣಿಯರ ಸಾಲಿನಲ್ಲಿ ಒಬ್ಬಳು ಬಿಸಿಲಲ್ಲಿ ಬರಿಗಾಲಲ್ಲಿ ನಿಂತು ನೀರಿನ ತೋಡು ನೋಡುತ್ತಿದ್ದಳು ಎಂಬ ಈ ಚಿತ್ರಕ್ಕಿಂತ ದೊಡ್ಡ ಚಿತ್ರ ಯಾವ ಕಲಾವಿದ ಬರೆದಾನು? ಆದರೂ ಅಬ್ಬಕ್ಕನ ಮೆರವಣಿಗೆಯಲ್ಲಿ ತಾಳೆಗರಿಯ ಕೊಡೆಗಿಂತ ಕಿರೀಟಕ್ಕೇ ಬೇಡಿಕೆ.

ಹೆಸರಿನ ಮಾತು ಬಂದರೆ ಸುಳ್ಯದ ಕಡೆಯ 1837ರ ದಂಗೆಯನ್ನು ನೆನೆಯಬೇಕು. 1834ರಲ್ಲಿ ಕೊಡಗನ್ನು ನುಂಗಿದ ಇಂಗ್ಲಿಷರು ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿ, ಬೆಳೆಯ ರೂಪದಲ್ಲಿದ್ದ ಕಂದಾಯವನ್ನು ಹಣದಲ್ಲೇ ಕೊಡಬೇಕೆಂದಾಗ ರೈತರು ಸಿಡಿದೆದ್ದರು. ಕೆದಂಬಾಡಿ ರಾಮಯ್ಯ ಗೌಡ ಮುಂತಾದವರ ನಾಯಕತ್ವದಲ್ಲಿ ದಂಡು 1837ರ ಏಪ್ರಿಲ್ 5ರಂದು ಮಂಗಳೂರಿಗೆ ನುಗ್ಗಿ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿತು. ಎರಡು ವಾರದೊಳಗೆ ಇಂಗ್ಲಿಷರು ಮರಳಿ ಬಂದರು. ಈ ದಂಗೆಯಲ್ಲಿ ವೇಷ ನೂರೈವತ್ತು ವರ್ಷದ ನಂತರ ಬಂದದ್ದಲ್ಲ, ಮೊದಲಿಗೇ ಇತ್ತು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಪುಟ್ಟಬಸಪ್ಪ ಎಂಬವನೇ ದಂಡಿನ ಮುಂದೆ ನಿಂತಿದ್ದ. ಬಹುಕಾಲ ಜನರ ಬಾಯಲ್ಲಿ ಇದು 'ಕಲ್ಯಾಣಪ್ಪನ ಕಾಟಕಾಯಿ'. ಕಾಟಕಾಯಿ ಎಂದರೆ ದಾಂಧಲೆ, ಸುಲಿಗೆ ಎಂಬ ಧ್ವನಿ. ಅಧ್ಯಯನಗಳು ಬಂದಂತೆ ಅದು ಅಮರಸುಳ್ಯದ ರೈತದಂಗೆಯಾಯಿತು, ಸ್ವಾತಂತ್ರ್ಯ ಸಂಗ್ರಾಮವಾಯಿತು. 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡನ ಕಂಚಿನ ಪ್ರತಿಮೆಯೂ ನಿಂತಿತು. ಇಲ್ಲಿ ಹೆಸರು ಬದಲಾದದ್ದಕ್ಕೆ ಆಧಾರವಿತ್ತು. ಸುಲಿಗೆ ಎಂದು ಕರೆದವರು ಆಳುವವರು, ಕಾಗದಪತ್ರ ತೆರೆದು ನೋಡಿದಾಗ ರೈತರ ಗೋಳು ಹೊರಬಂತು. ಬಸ್ರೂರಿನಲ್ಲಿ ಹೆಸರು ಬದಲಾಗುತ್ತಿರುವುದು ಇದಕ್ಕೆ ತೀರ ವಿರುದ್ಧ ದಿಕ್ಕಿನಲ್ಲಿ. ಕಾಗದಪತ್ರ ಸೂರೆ ಎನ್ನುತ್ತದೆ, ವೇದಿಕೆ ವಿಮೋಚನೆ ಎನ್ನುತ್ತದೆ.

ತಾರೀಕಿಲ್ಲದ ನೆನಪು

ಹಾಗಾದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಜನ ಯುದ್ಧಗಳನ್ನು ಮರೆತೇಬಿಟ್ಟರೇ? ಹಾಗೇನೂ ಇಲ್ಲ. ಇವರಷ್ಟು ವೇಷ ಕಟ್ಟಿ ಕಾಳಗ ಕಂಡವರು ನಾಡಿನಲ್ಲಿ ಇನ್ನಾರಿದ್ದಾರೆ? ಮಂದಾರ್ತಿ, ಮಾರಣಕಟ್ಟೆ, ಅಮೃತೇಶ್ವರಿ, ಸಾಲಿಗ್ರಾಮ ಎಂದು ಮೇಳಗಳ ಹೆಸರು ಹೇಳುತ್ತಾ ಹೋದರೆ ಈ ಮೂರು ತಾಲೂಕುಗಳ ನಕ್ಷೆಯೇ ಬಿಡಿಸಿದಂತಾಗುತ್ತದೆ. ಮಳೆಗಾಲ ಕಳೆದು ತಿರುಗಾಟ ಹೊರಟ ಮೇಲೆ ಗದ್ದೆಯ ರಂಗಸ್ಥಳದಲ್ಲಿ ಇರುಳಿಡೀ ಒಂದಲ್ಲ ಒಂದು ಕಾಳಗ. ಅಲ್ಲಿ ಕೇದಗೆ ಮುಂದಲೆ, ಮುಂಡಾಸು, ಕಿರೀಟ ಇವೆಲ್ಲ ಇಂಥ ಶತಮಾನದ ಇಂಥ ರಾಜ್ಯದ ಉಡುಪು ಎಂದು ಯಾರೂ ತಿಳಿಯುವುದಿಲ್ಲ. ವೇಷ ಸ್ವಭಾವವನ್ನು ಹೇಳುತ್ತದೆ, ಕಾಲವನ್ನಲ್ಲ. ಮೇಲಾಗಿ, ಬಣ್ಣದ ವೇಷದ ರಕ್ಕಸನಿಗೂ ಒಡ್ಡೋಲಗ ಉಂಟು, ಅರ್ಥ ಹೇಳುವ ಹಕ್ಕುಂಟು. ಸೋಲುವವನ ವಾದವನ್ನು ಬೆಳಗಿನ ಜಾವದವರೆಗೆ ಕೂತು ಕೇಳುವ ಪ್ರೇಕ್ಷಕರಿವರು.

ಇನ್ನೊಂದು ನೆನಪು ಗರಡಿಗಳದು. ಕೋಟಿ ಚೆನ್ನಯರ ಕಥೆ ಕೊನೆಗೊಳ್ಳುವುದು ಎಣ್ಮೂರಿನ ಯುದ್ಧಭೂಮಿಯಲ್ಲಿ. ಪಾಡ್ದನದ ಪ್ರಕಾರ ಕೋಟಿಗೆ ಬಾಣ ತಗುಲಿದ್ದು ತಾನು ಹುಟ್ಟಿ ಬೆಳೆದ ಪಡುಮಲೆಯ ಬಲ್ಲಾಳನ ಕಡೆಯಿಂದ. ಸಾಯುವ ಮೊದಲು ಅವನು ಮಾಡಿದ ಕೆಲಸ ಹಗೆಗಳಾದ ಬಲ್ಲಾಳರ ಕೈಗಳನ್ನು ಜೋಡಿಸಿದ್ದು. ಯುದ್ಧ ನಡೆದ ಇಸವಿ, ತಿಂಗಳು, ದಿನ ಪಾಡ್ದನ ಹೇಳುವವರಿಗೆ ಮುಖ್ಯವಲ್ಲ. ವರ್ಷಕ್ಕೊಮ್ಮೆ ಗರಡಿಯಲ್ಲಿ ನೇಮ ನಡೆಯುತ್ತದೆ, ಬ್ರಹ್ಮಾವರದ ಕಡೆಯಲ್ಲೂ ಇಂಥ ಗರಡಿಗಳಿವೆ. ಅಲ್ಲಿ ಗಗ್ಗರ ಕಟ್ಟಿ ನಿಂತವನು ವೀರನ ಹಾಗೆ ನಟಿಸುವುದಿಲ್ಲ. ನಂಬಿದವರ ಪಾಲಿಗೆ ಬಂದು ನಿಂತವನು ವೀರನೇ. ಊರಿನ ಜಗಳ, ಗಡಿಯ ತಕರಾರು ಅವನ ಮುಂದೆ ಬರುತ್ತದೆ. ನಾಲ್ಕೈದು ಶತಮಾನದ ಹಿಂದೆ ಸತ್ತವನು ಈ ವರ್ಷದ ವ್ಯಾಜ್ಯ ಕೇಳುತ್ತಾನೆ. ಕುಂದಾಪುರದ ಕಡೆ ಪಾಣರಾಟ ನೋಡಿದವರಿಗೆ ವೇಷದ ಈ ಬಗೆ ಹೊಸದಲ್ಲ. ಅದಕ್ಕೂ ಹಳೆಯವು ಬಾರ್ಕೂರಿನಲ್ಲಿ, ಬಸ್ರೂರಿನಲ್ಲಿ ಕಾಣುವ ವೀರಗಲ್ಲುಗಳು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು, ಮೇಲೆ ದೇವರ ಸನ್ನಿಧಿ, ಸೂರ್ಯ ಚಂದ್ರ. ಬರಹವಿಲ್ಲದ ವೀರಗಲ್ಲಿನಲ್ಲಿ ಸತ್ತವನ ಹೆಸರೂ ಇರುವುದಿಲ್ಲ, ಗೆದ್ದದ್ದು ಯಾರೆಂದೂ ಇರುವುದಿಲ್ಲ.

ಇನ್ನು ಇಂದಿನ ಕುಂದಾಪುರದವರು ತಾವಾಗಿಯೇ ಹುಟ್ಟುಹಾಕಿಕೊಂಡ ದಿನಾಚರಣೆ ಯಾವುದು? 2019ರಿಂದ ಆಷಾಢ ಅಮಾವಾಸ್ಯೆಯಂದು, ಅಂದರೆ ಊರಿನ ಮಾತಿನ 'ಆಸಾಡಿ ಅಮಾಸಿ'ಯಂದು ನಡೆಯುವ ವಿಶ್ವ ಕುಂದಾಪ್ರ ಕನ್ನಡ ದಿನ. ಅಲ್ಲೂ ವೇಷವುಂಟು. ಆದರೆ ಅದು ಮಳೆಗೆ ಹೊದೆಯುವ ಗೊರಬು, ಹಾಳೆಟೊಪ್ಪಿ, ಮುಂಡಾಸು. ಆಯುಧದ ಜಾಗದಲ್ಲಿ ಭತ್ತ ಕುಟ್ಟುವ ಒನಕೆ. ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋಗಿ ನೆಲೆಸಿದವರೂ ಅದರಲ್ಲಿ ಸೇರುತ್ತಾರೆ. ಗದ್ದೆ, ಮಳೆ, ಮಾತು ಇವು ಅವರಿಗೆ ನೆನಪಿಡಬೇಕೆನಿಸಿದ ಸಂಗತಿಗಳು. ವಿಜಯದ ದಿನ ಹುಡುಕಿದರೆ ಸಿಗದ ಒಮ್ಮತ ಇಲ್ಲಿ ತಾನಾಗಿ ಸಿಕ್ಕಿದೆ.

ಹಾಗೆಂದು 1665ನ್ನು ಮರೆಯಬೇಕೆಂದಿಲ್ಲ. ಬಸ್ರೂರಿನ ಮಕ್ಕಳಿಗೆ ತಮ್ಮ ಊರನ್ನು ಸೂರತ್ತಿನ ಸಾಲಿನಲ್ಲಿ ಎಣಿಸುವಷ್ಟು ಸಂಪತ್ತು ಇತ್ತೆಂದು ತಿಳಿಯುವುದು ಆ ಸೂರೆಯ ಕಥೆಯಿಂದಲೇ. ಊರಿಗೊಂದು ವಿಜಯದ ದಿನ ಬೇಕೇ ಬೇಕೆಂದರೆ ಶಿವಪ್ಪ ನಾಯಕ ಕೋಟೆ ಹಿಡಿದ ಪ್ರಸಂಗ ಇದ್ದೇ ಇದೆ. ಅಲ್ಲಿ ಪೋರ್ಚುಗೀಸರ ಟೋಪಿಗೂ ಜಾಗವಿದೆ. ಆದರೆ ಆ ವಿಜಯದ ನಂತರವೂ ಬಸ್ರೂರಿನ ಅಕ್ಕಿ ಗೋವೆಗೆ ಹೋಗುತ್ತಲೇ ಇತ್ತು. ಕೆಳದಿಯ ಅರಸರೂ ಪೋರ್ಚುಗೀಸರೂ ಮತ್ತೆ ಮತ್ತೆ ಒಪ್ಪಂದಕ್ಕೆ ಕೂತರು. ಪೇಟೆಯ ಊರಿನಲ್ಲಿ ಹಗೆ ಬಹಳ ದಿನ ಬಾಳುವುದಿಲ್ಲ.

ಕೆಳದಿ ಮತ್ತು ಮರಾಠರ ನಡುವೆಯೂ ಬಾಳಲಿಲ್ಲ. ಬಸ್ರೂರು ಸೂರೆಯಾದಾಗ ಆಳುತ್ತಿದ್ದ ಸೋಮಶೇಖರ ನಾಯಕನ ಹೆಂಡತಿಯೇ ಮುಂದೆ ಗಂಡನ ನಂತರ ಪಟ್ಟಕ್ಕೆ ಬಂದ ಕೆಳದಿಯ ಚೆನ್ನಮ್ಮ. 1689ರಲ್ಲಿ ಔರಂಗಜೇಬ ಸಂಭಾಜಿಯನ್ನು ಕೊಲ್ಲಿಸಿದ ಮೇಲೆ, ಶಿವಾಜಿಯ ಇನ್ನೊಬ್ಬ ಮಗ ರಾಜಾರಾಮ ಪ್ರಾಣ ಉಳಿಸಿಕೊಳ್ಳಲು ದಕ್ಷಿಣಕ್ಕೆ ಓಡಿಬಂದ. ಅವನಿಗೆ ಆಶ್ರಯ ಕೊಟ್ಟು ದಾರಿ ಬಿಟ್ಟವಳು ಈಕೆ. ಅದಕ್ಕಾಗಿ ಮೊಗಲರ ಸೈನ್ಯ ಕೆಳದಿಯ ಮೇಲೆ ಬಂದಾಗ ಎದುರಿಸಿ ನಿಂತವಳೂ ಈಕೆಯೇ. ತನ್ನ ಗಂಡನ ಆಳ್ವಿಕೆಯಲ್ಲಿ ಬಸ್ರೂರು ಕಳೆದುಕೊಂಡದ್ದು ಅವಳಿಗೆ ಮರೆತಿರಲಾರದು. ಚೆನ್ನಮ್ಮನ ನಾಡನ್ನು ದಾಟಿದ ರಾಜಾರಾಮ ಜಿಂಜಿಯ ಕೋಟೆ ಸೇರಿಕೊಂಡ. ಅಲ್ಲಿ ಅವನು ತನ್ನ ತಂದೆಯ ಚರಿತ್ರೆಯನ್ನು ಬರೆದುಕೊಡುವಂತೆ ಹಳೆಯ ಅಧಿಕಾರಿ ಕೃಷ್ಣಾಜಿ ಅನಂತನಿಗೆ ಹೇಳಿದ. ಹಾಗೆ ಹುಟ್ಟಿದ್ದೇ ಸಭಾಸದ ಬಖರ್. ಬಸ್ರೂರಿನ ಸೂರೆಯನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟ ಪುಸ್ತಕ.